ಚಲನಚಿತ್ರಗಳ ವಯೋಮಿತಿ ರೇಟಿಂಗ್: ತೀರ್ಪು ಕೊಡುವವರೂ ತೀರ್ಪಿನ ಕಾರಣವೂ ಗುಟ್ಟಾಗಿರಬೇಕೇ?

ಪ್ರಶ್ನೆ ಕೇಳಿದವರು: ತೆರೆಯಂಚು

ಅಮೆರಿಕದಲ್ಲಿ ಚಲನಚಿತ್ರಗಳಿಗೆ ವಯೋಮಿತಿ ರೇಟಿಂಗ್ ಹೇಗೆ ಸಿಗುತ್ತದೆ ಎಂಬುದನ್ನು ಈಚೆಗೆ ವಿವರವಾಗಿ ಓದಿದ ಮೇಲೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಬಲವಾಗಿ ನಿಂತಿದೆ. ಚಿತ್ರೋದ್ಯಮದಲ್ಲಿ ಕೆಲಸ ಮಾಡಿದವರೂ ಕಾನೂನು ಬಲ್ಲವರೂ ಇಲ್ಲಿರುವುದರಿಂದ ಕೇಳುತ್ತಿದ್ದೇನೆ.

ಅಲ್ಲಿ ಈ ಕೆಲಸ ಸರ್ಕಾರದ್ದಲ್ಲ. ದೊಡ್ಡ ಸ್ಟುಡಿಯೋಗಳ ಸಂಘವಾದ ಮೋಷನ್ ಪಿಕ್ಚರ್ ಅಸೋಸಿಯೇಷನ್, ಚಿತ್ರಮಂದಿರಗಳ ಮಾಲೀಕರ ಸಂಘದ ಜೊತೆಗೂಡಿ 1968ರ ನವೆಂಬರ್‌ನಲ್ಲಿ ಈ ಪದ್ಧತಿಯನ್ನು ಜಾರಿಗೆ ತಂದಿತು. ಅದಕ್ಕೆ ಮೊದಲು ಇದ್ದದ್ದು ಹೇಸ್ ಸಂಹಿತೆ. ತೆರೆಯ ಮೇಲೆ ಏನೇನನ್ನು ತೋರಿಸಬಾರದು ಎಂಬ ನಿಷೇಧಗಳ ಪಟ್ಟಿ ಅದು. ಹೊಸ ಪದ್ಧತಿಯ ರೂವಾರಿ ಜ್ಯಾಕ್ ವ್ಯಾಲೆಂಟಿ ಅವರ ವಾದವೆಂದರೆ, ಇನ್ನು ಮುಂದೆ ಯಾವುದನ್ನೂ ನಿಷೇಧಿಸುವುದಿಲ್ಲ, ಚಿತ್ರದಲ್ಲಿ ಏನಿದೆ ಎಂಬುದನ್ನು ತಂದೆ ತಾಯಿಯರಿಗೆ ಮುಂಚಿತವಾಗಿ ತಿಳಿಸುತ್ತೇವೆ, ಅಷ್ಟೆ. ಈಗ ಜಿ, ಪಿಜಿ, ಪಿಜಿ-13, ಆರ್, ಎನ್‌ಸಿ-17 ಎಂಬ ಐದು ಶ್ರೇಣಿಗಳಿವೆ. ‘ಜಿ’ ಎಲ್ಲ ವಯಸ್ಸಿನವರಿಗೂ ತೆರೆದದ್ದು, ಮುಂದಿನವು ಒಂದಕ್ಕಿಂತ ಒಂದು ಬಿಗಿ. ‘ಆರ್’ ಪಡೆದ ಚಿತ್ರಕ್ಕೆ ಹದಿಹರೆಯದವರು ಹಿರಿಯರ ಜೊತೆ ಹೋಗಬಹುದು. ‘ಎನ್‌ಸಿ-17’ ಪಡೆದ ಚಿತ್ರಕ್ಕೆ ಹಿರಿಯರು ಜೊತೆಗಿದ್ದರೂ ಹೋಗುವಂತಿಲ್ಲ.

ರೇಟಿಂಗ್ ಪಡೆಯಲೇಬೇಕೆಂದು ಕಾನೂನೇನೂ ಹೇಳುವುದಿಲ್ಲ. ಆದರೆ ರೇಟಿಂಗ್ ಇಲ್ಲದ ಅಥವಾ ‘ಎನ್‌ಸಿ-17’ ಪಡೆದ ಚಿತ್ರವನ್ನು ಹಾಕಲು ಬಹುಪಾಲು ಚಿತ್ರಮಂದಿರಗಳು ಹಿಂಜರಿಯುವುದರಿಂದ, ಆ ಸಂಘದ ರೇಟಿಂಗ್ ಮಂಡಳಿಯ ಮುಂದೆ ಹೋಗದೆ ವ್ಯಾಪಕವಾಗಿ ಬಿಡುಗಡೆಯಾಗುವುದು ಹೆಚ್ಚುಕಡಿಮೆ ಅಸಾಧ್ಯ. ಇಷ್ಟು ತೂಕದ ತೀರ್ಪನ್ನು ಕೊಡುವವರು ಯಾರೆಂದು ನೋಡಿದರೆ, ಚಿತ್ರೋದ್ಯಮದ ನಂಟಿಲ್ಲದ, ಮಕ್ಕಳಿರುವ ಸಾಮಾನ್ಯ ಪೋಷಕರು. ಕೆಲವು ಹಿರಿಯ ಸದಸ್ಯರನ್ನು ಬಿಟ್ಟರೆ ಉಳಿದವರ ಹೆಸರನ್ನು ಮಂಡಳಿ ಹೊರಗೆ ಹೇಳುವುದಿಲ್ಲ. ಹೊರಗಿನ ಒತ್ತಡ ಅವರ ಮೇಲೆ ಬೀಳಬಾರದು ಎಂಬುದು ಅದಕ್ಕೆ ಕೊಡುವ ಸಮರ್ಥನೆ.

2006ರಲ್ಲಿ ಕಿರ್ಬಿ ಡಿಕ್ ಎಂಬ ನಿರ್ದೇಶಕರು ಖಾಸಗಿ ಪತ್ತೇದಾರರ ನೆರವಿನಿಂದ ಈ ಸದಸ್ಯರನ್ನು ಗುರುತಿಸಿ ‘ದಿಸ್ ಫಿಲ್ಮ್ ಈಸ್ ನಾಟ್ ಯೆಟ್ ರೇಟೆಡ್’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿದರು. ಎಳೆಯ ಮಕ್ಕಳ ಪೋಷಕರೆಂದು ಹೇಳಲಾಗಿದ್ದ ಸದಸ್ಯರಲ್ಲಿ ಕೆಲವರ ಮಕ್ಕಳು ಆಗಲೇ ಬೆಳೆದು ದೊಡ್ಡವರಾಗಿದ್ದರು ಎಂಬುದೂ, ಮೇಲ್ಮನವಿ ಮಂಡಳಿಯಲ್ಲಿ ಸ್ಟುಡಿಯೋಗಳ ಮತ್ತು ಚಿತ್ರಮಂದಿರ ಸರಣಿಗಳ ಅಧಿಕಾರಿಗಳೇ ತುಂಬಿದ್ದರು ಎಂಬುದೂ ಆಗ ಬಯಲಾಯಿತು. ಮೇಲ್ಮನವಿಯ ವಿಚಾರಣೆ ನಡೆಯುವಾಗ ಕ್ರೈಸ್ತ ಧರ್ಮಗುರುಗಳು ಕೂಡ ಅಲ್ಲಿರುತ್ತಿದ್ದರೆಂಬುದು ಬಹಳ ಜನರಿಗೆ ಅದುವರೆಗೆ ತಿಳಿದೇ ಇರಲಿಲ್ಲ.

ನನ್ನ ಪ್ರಶ್ನೆ ಇದು. ಮಂಡಳಿ ಲೈಂಗಿಕತೆಯ ಬಗ್ಗೆ ಕಠಿಣ, ಹಿಂಸೆಯ ಬಗ್ಗೆ ಮೃದು, ಸ್ವತಂತ್ರ ನಿರ್ಮಾಪಕರ ಬಗ್ಗೆ ಬಿಗಿ, ದೊಡ್ಡ ಸ್ಟುಡಿಯೋಗಳ ಬಗ್ಗೆ ಸಡಿಲ ಎಂಬ ಆರೋಪಗಳು ಎಷ್ಟರಮಟ್ಟಿಗೆ ನಿಜ? ನಿಜವೇ ಆಗಿದ್ದರೆ, ಅದಕ್ಕೆ ಈ ಗುಟ್ಟೇ ಕಾರಣವೇ, ಅಥವಾ ಹೆಸರುಗಳನ್ನು ಬಹಿರಂಗಪಡಿಸಿದರೂ ಪಕ್ಷಪಾತ ಹಾಗೆಯೇ ಉಳಿಯುತ್ತದೆಯೇ? ಬೇರೆ ದೇಶಗಳ ಪದ್ಧತಿ ಬಲ್ಲವರು ಅದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕತ್ತರಿಮೇಜು

ನಾನು ಬಹುಕಾಲದಿಂದ ಸಂಕಲನದ ಕೆಲಸದಲ್ಲಿರುವವನು. ಆರೋಪಗಳು ನಿಜವೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ಅವುಗಳಲ್ಲಿ ಬಹುಪಾಲು ನಿಜ.

ಸ್ಟುಡಿಯೋ ಮತ್ತು ಸ್ವತಂತ್ರ ನಿರ್ಮಾಪಕರ ನಡುವಿನ ಭೇದಕ್ಕೆ ಟ್ರೇ ಪಾರ್ಕರ್ ಮತ್ತು ಮ್ಯಾಟ್ ಸ್ಟೋನ್ ಅವರ ಅನುಭವಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಅವರು ಸ್ವತಂತ್ರವಾಗಿ ಮಾಡಿದ ‘ಆರ್ಗಾಸ್ಮೊ’ ಚಿತ್ರಕ್ಕೆ ‘ಎನ್‌ಸಿ-17’ ಸಿಕ್ಕಿತು. ಏನನ್ನು ತೆಗೆದರೆ ‘ಆರ್’ ಸಿಗುತ್ತದೆ ಎಂದು ಕೇಳಿದಾಗ, ಹಾಗೆಲ್ಲ ನಿರ್ದಿಷ್ಟವಾಗಿ ಹೇಳುವುದಿಲ್ಲ ಎಂಬ ಉತ್ತರ ಬಂತು. ಮುಂದೆ 1999ರಲ್ಲಿ ಅವರೇ ದೊಡ್ಡ ಸ್ಟುಡಿಯೋ ಒಂದಕ್ಕೆ ‘ಸೌತ್ ಪಾರ್ಕ್’ ಚಿತ್ರ ಮಾಡಿದಾಗ, ಯಾವ ಮಾತು, ಯಾವ ದೃಶ್ಯ ತೊಂದರೆ ಕೊಡುತ್ತಿದೆ ಎಂಬ ವಿವರವಾದ ಟಿಪ್ಪಣಿಗಳು ಮಂಡಳಿಯಿಂದ ಬಂದವು. ಅವನ್ನು ನೋಡಿಕೊಂಡು ಅವರು ಬದಲಾವಣೆ ಮಾಡಿದರು, ಕೊನೆಗೆ ‘ಆರ್’ ಪಡೆದರು. ಚಿತ್ರ ಮಾಡಿದವರು ಅವರೇ, ಅಪಹಾಸ್ಯದ ಶೈಲಿಯೂ ಅದೇ. ಬದಲಾಗಿದ್ದು ಬೆನ್ನಿಗೆ ಯಾರಿದ್ದಾರೆ ಎಂಬುದೊಂದೇ. ಈ ಸಂಗತಿಯನ್ನು ಸ್ಟೋನ್ ಅವರೇ ನೀವು ಹೇಳಿದ ಸಾಕ್ಷ್ಯಚಿತ್ರದಲ್ಲಿ ವಿವರಿಸಿದ್ದಾರೆ.

ಲೈಂಗಿಕತೆಯ ವಿಷಯಕ್ಕೆ ಬಂದರೆ, ಎಷ್ಟು ತೋರಿಸಿದರು ಎಂಬುದಕ್ಕಿಂತ ಯಾರ ಸುಖವನ್ನು ತೋರಿಸಿದರು ಎಂಬುದೇ ಹೆಚ್ಚು ತೂಗುತ್ತದೆ ಎನ್ನಿಸುತ್ತದೆ. ‘ಬಾಯ್ಸ್ ಡೋಂಟ್ ಕ್ರೈ’ ಚಿತ್ರಕ್ಕೆ ಮೊದಲು ‘ಎನ್‌ಸಿ-17’ ಕೊಟ್ಟಾಗ, ಹೆಣ್ಣೊಬ್ಬಳ ಸುಖದ ಕ್ಷಣ ತೆರೆಯ ಮೇಲೆ ದೀರ್ಘವಾಯಿತು ಎಂಬ ಆಕ್ಷೇಪ ಬಂದಿತ್ತೆಂದೂ, ಅದೇ ಚಿತ್ರದಲ್ಲಿ ಗುಂಡಿಕ್ಕಿ ಕೊಲ್ಲುವ ದೃಶ್ಯದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲವೆಂದೂ ನಿರ್ದೇಶಕಿ ಕಿಂಬರ್ಲಿ ಪಿಯರ್ಸ್ ಹೇಳಿದ್ದಾರೆ. 2010ರ ‘ಬ್ಲೂ ವ್ಯಾಲೆಂಟೈನ್’ನಲ್ಲಿ ಇದ್ದದ್ದು ಗಂಡ ಹೆಂಡತಿಯ ನಡುವಿನ ದೃಶ್ಯ, ಅದೂ ಹೆಂಡತಿಯ ಸುಖದ ಕಡೆಗೆ ಒಲಿದದ್ದು. ಅದಕ್ಕೂ ಮೊದಲು ಸಿಕ್ಕಿದ್ದು ‘ಎನ್‌ಸಿ-17’. ಮೇಲ್ಮನವಿಯಲ್ಲಿ ಒಂದು ಫ್ರೇಮನ್ನೂ ಕತ್ತರಿಸದೆ ಅದು ‘ಆರ್’ ಆಯಿತು. ಚಿತ್ರದಲ್ಲಿ ಏನೂ ಬದಲಾಗದೆ ತೀರ್ಪು ಮಾತ್ರ ಬದಲಾದಾಗ, ಮೊದಲ ತೀರ್ಪು ಯಾವ ಅಳತೆಗೋಲಿನಿಂದ ಬಂದಿತ್ತು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ.

ಇನ್ನು ಹಿಂಸೆ. ಇಲ್ಲಿ ನನ್ನ ಕೈಯಾರೆ ಮಾಡಿದ ಕೆಲಸವೊಂದನ್ನು ಹೇಳುತ್ತೇನೆ. ಯಾವ ಚಿತ್ರ, ಯಾವ ಮಂಡಳಿ ಎಂಬುದು ಬೇಡ. ಒಬ್ಬ ತಂದೆ ಮಗನ ಕೆನ್ನೆಗೆ ಹೊಡೆಯುವ ದೃಶ್ಯವಿತ್ತು. ಏಟು ಬಿದ್ದ ಮೇಲೆ ಹುಡುಗ ಕಿವಿಯ ಮೇಲೆ ಅಂಗೈ ಒತ್ತಿಕೊಂಡು, ಸದ್ದು ಕೇಳಿಸುತ್ತಿಲ್ಲವೆಂಬಂತೆ ತಲೆಯನ್ನು ಒಂದು ಬದಿಗೆ ಓರೆ ಮಾಡುವ ಸಮೀಪದ ಶಾಟ್ ಒಂದನ್ನು ನಾನು ಉಳಿಸಿಕೊಂಡಿದ್ದೆ. ದೃಶ್ಯ ಮನ ಕಲಕುವಂತಿದೆ, ತೀವ್ರತೆ ಕಡಿಮೆ ಮಾಡಿ ಎಂಬ ಸೂಚನೆ ಬಂತು. ಏಟನ್ನು ತೆಗೆದರೆ ಕಥೆಯೇ ನಿಲ್ಲುವುದಿಲ್ಲ. ಹಾಗಾಗಿ ಏಟನ್ನು ಇಟ್ಟುಕೊಂಡು ಹುಡುಗನ ಶಾಟನ್ನು ತೆಗೆದೆವು. ಚಿತ್ರಕ್ಕೆ ಬೇಕಾದ ರೇಟಿಂಗ್ ಸಿಕ್ಕಿತು. ಅಂದರೆ ಹೊಡೆತಕ್ಕೆ ಅಡ್ಡಿಯಿಲ್ಲ, ಹೊಡೆತದಿಂದ ಆದ ನೋವಿಗೆ ಅಡ್ಡಿ. ಆ ಬದಲಾವಣೆಯಿಂದ ಚಿತ್ರ ಮಕ್ಕಳಿಗೆ ಹೆಚ್ಚು ಸುರಕ್ಷಿತವಾಯಿತೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಇದು ನನ್ನೊಬ್ಬನ ಅನುಭವವಷ್ಟೇ ಅಲ್ಲ, ಪದ್ಧತಿಯೇ ಹಾಗಿದೆ. ರಕ್ತ ಕಾಣಿಸದಿದ್ದರೆ, ಗಾಯ ಕಾಣಿಸದಿದ್ದರೆ, ಎಷ್ಟು ಜನ ಸತ್ತರೂ ಚಿತ್ರಕ್ಕೆ ‘ಪಿಜಿ-13’ ಸಿಗಬಹುದು. 1985ರಿಂದೀಚೆಗೆ ‘ಪಿಜಿ-13’ ಚಿತ್ರಗಳಲ್ಲಿ ಬಂದೂಕಿನ ಹಿಂಸೆ ಮೂರು ಪಟ್ಟಿಗಿಂತ ಹೆಚ್ಚಾಗಿದೆ ಎಂದು 2013ರಲ್ಲಿ ‘ಪೀಡಿಯಾಟ್ರಿಕ್ಸ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹದಿಮೂರರ ಮಕ್ಕಳೂ ಟಿಕೆಟ್ ಕೊಳ್ಳಬಹುದಾದ ಶ್ರೇಣಿ ಅದು. ದೊಡ್ಡ ಬಂಡವಾಳದ ಚಿತ್ರಗಳಿಗೆ ಅದೇ ಬೇಕು. ಮಂಡಳಿಯ ಒಡೆತನವೂ ಆ ಬಂಡವಾಳ ಹೂಡುವವರ ಸಂಘದ್ದೇ. ಇಲ್ಲಿ ಪ್ರತ್ಯೇಕವಾಗಿ ಯಾರೂ ಲಂಚ ಕೊಡಬೇಕಾಗಿಲ್ಲ, ಯಾರೂ ಸಂಚು ಹೂಡಬೇಕಾಗಿಲ್ಲ. ವ್ಯವಸ್ಥೆ ತನ್ನಷ್ಟಕ್ಕೆ ಆ ಕಡೆಗೆ ವಾಲುತ್ತದೆ.

ಉತ್ತರ: ಕಟಕಟೆ

‘ಕತ್ತರಿಮೇಜು’ ಅವರು ಕೊಟ್ಟ ಉದಾಹರಣೆಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಇದಕ್ಕೆ ಹೀಗೆ, ಅದಕ್ಕೆ ಹಾಗೆ, ಆದ್ದರಿಂದ ಪಕ್ಷಪಾತ ಎಂದು ತೀರ್ಮಾನಿಸುವಾಗ ತುಸು ಎಚ್ಚರ ಬೇಕು. ಸಾಮಾನ್ಯವಾಗಿ ಕೊಡುವ ಒಂದು ಜೋಡಿಯನ್ನು ನೋಡಿ. ‘ಬಟ್ ಐ ಆ್ಯಮ್ ಎ ಚಿಯರ್‌ಲೀಡರ್’ ಎಂಬ ಸಲಿಂಗಪ್ರೇಮದ ಹಾಸ್ಯಚಿತ್ರದಲ್ಲಿ ಹುಡುಗಿ ಮೈತುಂಬ ಬಟ್ಟೆ ತೊಟ್ಟೇ ಇರುವ ದೃಶ್ಯಕ್ಕೆ ‘ಎನ್‌ಸಿ-17’ ಬಂತು, ಅದೇ ಕಾಲದ ‘ಅಮೆರಿಕನ್ ಪೈ’ನಲ್ಲಿ ಹುಡುಗನ ಅದಕ್ಕಿಂತ ಢಾಳಾದ ದೃಶ್ಯಕ್ಕೆ ‘ಆರ್’ ಸಿಕ್ಕಿತು ಎನ್ನುತ್ತಾರೆ. ಆದರೆ ‘ಅಮೆರಿಕನ್ ಪೈ’ಗೂ ಮೊದಲು ಸಿಕ್ಕಿದ್ದು ‘ಎನ್‌ಸಿ-17’. ದೃಶ್ಯವನ್ನು ಮೊಟಕುಗೊಳಿಸಿ ಮತ್ತೆ ಒಪ್ಪಿಸಿದ ಮೇಲೆ ‘ಆರ್’ ಆಯಿತು. ನಾವು ನೋಡುವುದು ಕೊನೆಯ ಪ್ರತಿಯನ್ನು ಮಾತ್ರ. ಮಂಡಳಿಯ ಮುಂದೆ ಮೊದಲು ಹೋದ ಪ್ರತಿಯಲ್ಲಿ ಏನಿತ್ತು, ಎಷ್ಟು ಸಲ ಹಿಂದಿರುಗಿ ಬಂತು, ಪ್ರತಿ ಸಲ ಏನು ಹೇಳಿದರು ಎಂಬ ದಾಖಲೆ ಸಾರ್ವಜನಿಕರ ಕೈಗೆ ಸಿಗುವುದಿಲ್ಲ. ಹೀಗಾಗಿ ಆರೋಪ ಮಾಡುವವರಿಗೂ ಪುರಾವೆಯಿಲ್ಲ, ಆರೋಪ ಸುಳ್ಳೆಂದು ತೋರಿಸಬೇಕೆಂದರೆ ಮಂಡಳಿಯ ಬಳಿಯೂ ಹೊರಗೆ ಇಡಬಹುದಾದ ಪುರಾವೆಯಿಲ್ಲ. ಗುಟ್ಟಿನಿಂದ ಆಗುವ ನಿಜವಾದ ಹಾನಿ ಇದೇ ಎಂದು ನನ್ನ ಅಭಿಪ್ರಾಯ.

ಆದ್ದರಿಂದ ಮೂಲ ಪ್ರಶ್ನೆಯಲ್ಲಿ ಬೆರೆತುಹೋಗಿರುವ ಎರಡು ಗುಟ್ಟುಗಳನ್ನು ಬಿಡಿಸಿ ನೋಡಬೇಕು. ತೀರ್ಪು ಕೊಟ್ಟವರ ಹೆಸರು ಒಂದು, ತೀರ್ಪಿಗೆ ಆಧಾರವಾದ ಕಾರಣ ಇನ್ನೊಂದು. ಇವುಗಳಲ್ಲಿ ಒಂದನ್ನು ತೆರೆದರೆ ಇನ್ನೊಂದು ತಾನಾಗಿ ತೆರೆದುಕೊಳ್ಳುವುದಿಲ್ಲ ಎಂಬುದಕ್ಕೆ ಭಾರತದ ವ್ಯವಸ್ಥೆಯೇ ಸಾಕ್ಷಿ. ಚಿತ್ರ ಆರಂಭವಾಗುವ ಮೊದಲು ತೆರೆಯ ಮೇಲೆ ಬರುವ ಸೆನ್ಸಾರ್ ಪ್ರಮಾಣಪತ್ರವನ್ನು ಗಮನವಿಟ್ಟು ನೋಡಿದವರಿಗೆ ಗೊತ್ತಿರುತ್ತದೆ: ಚಿತ್ರವನ್ನು ಪರಿಶೀಲಿಸಿದ ಸಮಿತಿಯ ಸದಸ್ಯರ ಹೆಸರುಗಳು ಅದರಲ್ಲಿ ಬಹುಕಾಲದಿಂದ ಅಚ್ಚಾಗುತ್ತ ಬಂದಿವೆ. ಕತ್ತರಿ ಬಿದ್ದ ಚಿತ್ರವಾದರೆ ಮೂಲೆಯಲ್ಲೊಂದು ತ್ರಿಕೋನದ ಗುರುತು ಇರುತ್ತದೆ. ಹೀಗೆ ಹೆಸರುಗಳು ಸಾವಿರಾರು ಜನರ ಕಣ್ಣೆದುರಿಗೆ ಬರುತ್ತವೆ. ಆದರೆ ಈ ಚಿತ್ರಕ್ಕೆ ‘ಯು/ಎ’ ಏಕೆ, ಅಂಥದ್ದೇ ಇನ್ನೊಂದಕ್ಕೆ ‘ಎ’ ಏಕೆ ಎಂಬ ವಿವರಣೆ ಆ ಪ್ರಮಾಣಪತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಅಮೆರಿಕದಲ್ಲಿ ಇದರ ತಿರುಗುಮುರುಗು. ಅಲ್ಲಿ ಹೆಸರಿಲ್ಲ, ಆದರೆ ರೇಟಿಂಗ್ ಕೆಳಗೆ ಒಂದು ಸಾಲಿನ ಕಾರಣವಿರುತ್ತದೆ. ಆ ಒಂದು ಸಾಲು ಸಾಲದು ಎಂಬುದು ಬೇರೆ ಮಾತು.

ಹೆಸರುಗಳನ್ನು ಮುಚ್ಚಿಡುವುದಕ್ಕೆ ನನ್ನ ವಿರೋಧ ಅಷ್ಟೇನೂ ಇಲ್ಲ. ಕೋಟಿಗಟ್ಟಲೆ ಹಣ ಹೂಡಿದವರು, ಧಾರ್ಮಿಕ ಸಂಘಟನೆಗಳು, ಅಭಿಮಾನಿಗಳ ಗುಂಪುಗಳು ಒಬ್ಬ ಸಾಮಾನ್ಯ ಪೋಷಕನ ಮನೆ ಬಾಗಿಲಿಗೆ ಬಂದು ನಿಲ್ಲುವುದು ಊಹೆಗೆ ಮೀರಿದ ಸಂಗತಿಯಲ್ಲ. ಆದರೆ ನ್ಯಾಯಾಲಯದ ತೀರ್ಪು ಗೌರವ ಪಡೆಯುವುದು ನ್ಯಾಯಾಧೀಶರ ಹೆಸರು ಗೊತ್ತಿರುವುದರಿಂದ ಮಾತ್ರವಲ್ಲ, ತೀರ್ಪಿನ ಜೊತೆಗೆ ಕಾರಣಗಳನ್ನು ಬರೆದಿರುವುದರಿಂದ, ಆ ಕಾರಣಗಳನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾಗಿರುವುದರಿಂದ. ಬರೆದ ಕಾರಣಕ್ಕೆ ಎಂಥ ಬಲವಿದೆ ಎಂಬುದಕ್ಕೆ 2017ರ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಪ್ರಕರಣ ಒಳ್ಳೆಯ ನಿದರ್ಶನ. ಪ್ರಮಾಣಪತ್ರ ನಿರಾಕರಿಸಿದ ಮಂಡಳಿ, ಕಥೆ ಮಹಿಳಾಕೇಂದ್ರಿತವಾಗಿದೆ ಎಂಬುದನ್ನೂ ಕಾರಣಗಳಲ್ಲಿ ಒಂದಾಗಿ ಪತ್ರದಲ್ಲಿ ಬರೆದಿತ್ತು. ಆ ಪತ್ರ ಹೊರಬಂದ ದಿನವೇ ಮಂಡಳಿಯ ನಿಲುವು ಎಲ್ಲರ ಕಣ್ಣಿಗೆ ಬಿತ್ತು. ಚಿತ್ರತಂಡ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಿ ‘ಎ’ ಪ್ರಮಾಣಪತ್ರ ಪಡೆದು ಅದೇ ವರ್ಷ ಚಿತ್ರವನ್ನು ಬಿಡುಗಡೆ ಮಾಡಿತು. ಅದೇ ನಿರಾಕರಣೆ ಬಾಯಿಮಾತಿನಲ್ಲಿ ಬಂದಿದ್ದರೆ, ಅಥವಾ ‘ಒಟ್ಟಾರೆ ವಸ್ತು ಸೂಕ್ತವಲ್ಲ’ ಎಂಬ ಮಸುಕು ಮಾತಿನಲ್ಲಿ ಮುಗಿದಿದ್ದರೆ, ಪೂರ್ವಗ್ರಹವನ್ನು ಹೀಗೆ ಎತ್ತಿ ತೋರಿಸಲು ಸಾಧ್ಯವಾಗುತ್ತಿರಲಿಲ್ಲ.

ದುಃಖದ ಸಂಗತಿಯೆಂದರೆ ಆ ನ್ಯಾಯಾಧಿಕರಣ ಈಗಿಲ್ಲ. 1970ರಲ್ಲಿ ಚಿತ್ರ ನಿರ್ದೇಶಕ ಕೆ.ಎ. ಅಬ್ಬಾಸ್ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಚಿತ್ರಗಳ ಪೂರ್ವಪರಿಶೀಲನೆಯನ್ನು ಎತ್ತಿಹಿಡಿಯಿತಾದರೂ, ಸ್ವತಂತ್ರವಾದ ಮೇಲ್ಮನವಿಯ ಅಗತ್ಯ ಆಗಲೇ ಚರ್ಚೆಗೆ ಬಂದಿತ್ತು. ಮುಂದೆ ಕಾನೂನಿಗೆ ತಿದ್ದುಪಡಿಯಾಗಿ ಎಂಬತ್ತರ ದಶಕದಲ್ಲಿ ನ್ಯಾಯಾಧಿಕರಣ ರಚನೆಯಾಯಿತು. 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದುಗೊಳಿಸಲಾಯಿತು. ಈಗ ನೇರವಾಗಿ ಉಚ್ಚ ನ್ಯಾಯಾಲಯಕ್ಕೇ ಹೋಗಬೇಕು. ಬಿಡುಗಡೆಯ ದಿನಾಂಕ ಗೊತ್ತಾಗಿರುವ, ಸಾಲದ ಬಡ್ಡಿ ಏರುತ್ತಿರುವ ಸಣ್ಣ ನಿರ್ಮಾಪಕ ವ್ಯಾಜ್ಯಕ್ಕೆ ಹೋಗುವುದಕ್ಕಿಂತ ಹೇಳಿದಷ್ಟು ಕತ್ತರಿಸಿ ಕೈತೊಳೆದುಕೊಳ್ಳುವುದೇ ಹೆಚ್ಚು. 2023ರ ತಿದ್ದುಪಡಿಯಿಂದ ‘ಯು/ಎ’ ಶ್ರೇಣಿಯನ್ನು 7, 13, 16 ವರ್ಷಗಳೆಂದು ಒಡೆದದ್ದು ಒಳ್ಳೆಯ ಹೆಜ್ಜೆಯೇ. ಆದರೆ ಹನ್ನೆರಡರ ಹುಡುಗನಿಗೂ ಹದಿನಾಲ್ಕರ ಹುಡುಗನಿಗೂ ನಡುವೆ ಗೆರೆ ಎಳೆಯುವಾಗ, ಆ ಗೆರೆಯನ್ನು ಎಲ್ಲಿ, ಏಕೆ ಎಳೆದೆವು ಎಂದು ಹೇಳುವ ಹೊಣೆ ಮೊದಲಿಗಿಂತ ಹೆಚ್ಚಾಗುತ್ತದೆ, ಕಡಿಮೆಯಾಗುವುದಿಲ್ಲ.

ಉತ್ತರ: ಇಬ್ಬರು ಮಕ್ಕಳ ತಾಯಿ

ಚರ್ಚೆಯೆಲ್ಲ ನಿರ್ಮಾಪಕರ ಮತ್ತು ಮಂಡಳಿಯ ನಡುವೆಯೇ ಸುತ್ತುತ್ತಿದೆ. ಈ ರೇಟಿಂಗ್ ಯಾರಿಗಾಗಿ ಇದೆಯೋ ಆ ಪೋಷಕರ ಕಡೆಯಿಂದ ನಾನು ಕೆಲವು ಮಾತು ಹೇಳಬಯಸುತ್ತೇನೆ.

ನನ್ನ ದೊಡ್ಡ ಮಗನಿಗೆ ಹೊಡೆದಾಟ ಎಷ್ಟಿದ್ದರೂ ಏನೂ ಆಗುವುದಿಲ್ಲ. ತೆರೆಯ ಮೇಲೆ ಯಾರಾದರೂ ಮಗುವನ್ನು ಬಿಟ್ಟು ಹೊರಟುಹೋದರೆ ರಾತ್ರಿ ನಿದ್ದೆ ಬರುವುದಿಲ್ಲ. ಮಗಳಿಗೆ ನೀರಿನಲ್ಲಿ ಮುಳುಗುವ ದೃಶ್ಯವೆಂದರೆ ಭಯ, ಬೈಗುಳ ಕೇಳಿದರೆ ಆಕೆ ನಕ್ಕುಬಿಡುತ್ತಾಳೆ. ಒಂದು ಅಕ್ಷರ, ಒಂದು ಅಂಕಿ ನನಗೆ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಹದಿಮೂರು ಎಂಬ ಅಂಕಿಗೆ ಬಂದದ್ದು ರಕ್ತದಿಂದಲೋ, ಒಂದು ಕೆಟ್ಟ ಮಾತಿನಿಂದಲೋ, ಚುಂಬನದಿಂದಲೋ ಎಂಬುದು ತಿಳಿಯದೆ ನಾನು ಮಾಡುವ ತೀರ್ಮಾನ ಬರೀ ಊಹೆಯಾಗಿರುತ್ತದೆ. ಆದ್ದರಿಂದ ಕಾರಣವನ್ನು ಬಚ್ಚಿಟ್ಟಾಗ ಅನ್ಯಾಯವಾಗುವುದು ನಿರ್ದೇಶಕರಿಗೆ ಮಾತ್ರವಲ್ಲ.

ಈ ವಿಷಯದಲ್ಲಿ ಬ್ರಿಟನ್ನಿನ ಮಂಡಳಿಯನ್ನು ಮೆಚ್ಚಲೇಬೇಕು. 1912ರಲ್ಲಿ ಸೆನ್ಸಾರ್ ಮಂಡಳಿಯೆಂಬ ಹೆಸರಿನಲ್ಲೇ ಹುಟ್ಟಿದ ಬಿಬಿಎಫ್‌ಸಿ, 1984ರಲ್ಲಿ ತನ್ನ ಹೆಸರನ್ನು ವರ್ಗೀಕರಣ ಮಂಡಳಿಯೆಂದು ಬದಲಿಸಿಕೊಂಡಿತು. ಈಗ ಅದು ಕೆಲವು ವರ್ಷಗಳಿಗೊಮ್ಮೆ ಸಾವಿರಾರು ಜನರ ಅಭಿಪ್ರಾಯ ಪಡೆದು ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ ಪ್ರಕಟಿಸುತ್ತದೆ. ಪ್ರತಿ ಚಿತ್ರದ ಬಗ್ಗೆಯೂ ಹಿಂಸೆ, ಭಾಷೆ, ಲೈಂಗಿಕತೆ, ಬೆದರಿಕೆ ಎಂದು ಬಿಡಿಬಿಡಿಯಾಗಿ ವಿವರ ಬರೆದು ಯಾರು ಬೇಕಾದರೂ ಓದುವಂತೆ ಜಾಲತಾಣದಲ್ಲಿ ಇಡುತ್ತದೆ. ‘ದಿ ಡಾರ್ಕ್ ನೈಟ್’ ಚಿತ್ರಕ್ಕೆ 2008ರಲ್ಲಿ ‘12ಎ’ (ಹನ್ನೆರಡಕ್ಕಿಂತ ಚಿಕ್ಕವರು ಹಿರಿಯರ ಜೊತೆ ಮಾತ್ರ ನೋಡಬಹುದಾದ ಶ್ರೇಣಿ) ಕೊಟ್ಟದ್ದಕ್ಕೆ ಪೋಷಕರಿಂದ ರಾಶಿ ರಾಶಿ ದೂರುಗಳು ಬಂದಾಗ, ಆ ಸಂಗತಿಯನ್ನು ಮಂಡಳಿ ತನ್ನ ವಾರ್ಷಿಕ ವರದಿಯಲ್ಲೇ ಬರೆದುಕೊಂಡಿತು. 2012ರ ‘ದಿ ಹಂಗರ್ ಗೇಮ್ಸ್’ ಚಿತ್ರಕ್ಕೆ ‘12ಎ’ ಬೇಕಾದರೆ ರಕ್ತದ ಕಲೆಗಳಿರುವ ಏಳು ಸೆಕೆಂಡ್ ತೆಗೆಯಬೇಕಾಯಿತೆಂಬುದೂ ಗುಟ್ಟಲ್ಲ. ಆ ಏಳು ಸೆಕೆಂಡ್ ತೆಗೆದದ್ದು ಸರಿಯೋ ತಪ್ಪೋ ಎಂದು ನಾವು ವಾದಿಸಬಹುದು. ‘ಕತ್ತರಿಮೇಜು’ ಅವರು ಹೇಳಿದ, ನೋವನ್ನು ತೆಗೆದು ಹೊಡೆತವನ್ನು ಉಳಿಸುವ ದೋಷ ಇಲ್ಲಿಯೂ ಇದೆ. ಆದರೆ ವಾದಿಸುವುದಕ್ಕೆ ಬೇಕಾದ ಮಾಹಿತಿಯಾದರೂ ಕೈಯಲ್ಲಿದೆ.

ನೆದರ್‌ಲೆಂಡ್ಸ್‌ನಲ್ಲಿ 2001ರಿಂದ ‘ಕೈಕ್‌ವೈಜರ್’ ಎಂಬ ಇನ್ನೊಂದು ಬಗೆಯ ಪದ್ಧತಿಯಿದೆ. ಅಲ್ಲಿ ಚಿತ್ರ ವಿತರಿಸುವ ಸಂಸ್ಥೆಯ ತರಬೇತಾದ ಸಿಬ್ಬಂದಿಯೇ ಒಂದು ವಿವರವಾದ ಪ್ರಶ್ನಾವಳಿಯನ್ನು ತುಂಬುತ್ತಾರೆ. ಉತ್ತರಗಳ ಆಧಾರದ ಮೇಲೆ ವಯಸ್ಸು ತಾನಾಗಿ ನಿಗದಿಯಾಗುತ್ತದೆ. ವಯಸ್ಸಿನ ಜೊತೆಗೆ ಹಿಂಸೆ, ಭಯ, ಲೈಂಗಿಕತೆ, ತಾರತಮ್ಯ, ಮಾದಕ ವಸ್ತು, ಬೈಗುಳ ಎಂಬುದಕ್ಕೆ ಒಂದೊಂದು ಚಿತ್ರಸಂಕೇತವಿರುತ್ತದೆ. ತಪ್ಪಾಗಿ ತುಂಬಿದ್ದಾರೆನ್ನಿಸಿದರೆ ಯಾವ ಪ್ರೇಕ್ಷಕರಾದರೂ ದೂರು ಕೊಡಬಹುದು. ತಮ್ಮ ಚಿತ್ರಕ್ಕೆ ತಾವೇ ಅಂಕ ಹಾಕಿಕೊಳ್ಳುವ ಈ ಪದ್ಧತಿಯಲ್ಲೂ ಮೋಸಕ್ಕೆ ಅವಕಾಶವಿದೆ, ನಿಜ. ಆದರೂ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರುವುದರಿಂದ, ನಿರ್ಮಾಪಕರು ದೊಡ್ಡವರೋ ಸಣ್ಣವರೋ ಎಂದು ನೋಡಿ ಮಾತು ಬದಲಿಸುವ ಅವಕಾಶ ಕಡಿಮೆ.

‘ಕಟಕಟೆ’ ಅವರಿಗೆ ಒಂದು ಮಾತು. ನ್ಯಾಯಾಲಯದಂತೆ ಉದ್ದನೆಯ ಆದೇಶ ಬರೆದರೆ ಅದು ವಕೀಲರಿಗೆ ಉಪಯೋಗವಾದೀತು. ಟಿಕೆಟ್ ಕೊಳ್ಳುವ ಮೊದಲು ಫೋನಿನಲ್ಲಿ ನೋಡುವ ನನ್ನಂಥವರಿಗೆ ಬೇಕಾದದ್ದು ತಿಳಿಗನ್ನಡದಲ್ಲಿ ಬರೆದ ನಾಲ್ಕಾರು ವಾಕ್ಯಗಳು.

ಮತ್ತೆ ತೆರೆಯಂಚು

ಮೂವರಿಗೂ ಧನ್ಯವಾದಗಳು. ಹೆಸರು ಮತ್ತು ಕಾರಣ ಎರಡನ್ನೂ ಒಂದೇ ಗುಟ್ಟೆಂದು ನೋಡುವ ಅಗತ್ಯವಿಲ್ಲ ಎಂಬುದು ನನಗೆ ಹೊಸ ಹೊಳಹು. ಹಾಗಾದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಸಾಕ್ಷ್ಯಚಿತ್ರ ಬಂದ ಮೇಲೆ 2007ರಲ್ಲಿ ಅಮೆರಿಕದ ಮಂಡಳಿ ಕೆಲವು ಸುಧಾರಣೆಗಳನ್ನು ಮಾಡಿತೆಂದೂ, ಮೇಲ್ಮನವಿಯಲ್ಲಿ ಹಿಂದಿನ ಚಿತ್ರಗಳನ್ನು ಉಲ್ಲೇಖಿಸಿ ವಾದಿಸಲು ಅವಕಾಶ ಕೊಟ್ಟಿತೆಂದೂ ಓದಿದ್ದೇನೆ. ಅದರಿಂದ ಈ ಸಮಸ್ಯೆ ಬಗೆಹರಿಯಲಿಲ್ಲವೇ?

ಉತ್ತರ: ಕತ್ತರಿಮೇಜು

ಸ್ವಲ್ಪ ಮಟ್ಟಿಗೆ ಮಾತ್ರ. ಅದಕ್ಕೆ ಮೊದಲು, ಇಂಥದ್ದೇ ದೃಶ್ಯವಿದ್ದ ಆ ಚಿತ್ರಕ್ಕೆ ನೀವು ‘ಆರ್’ ಕೊಟ್ಟಿದ್ದೀರಿ ಎಂದು ಹೇಳುವುದಕ್ಕೇ ಅವಕಾಶವಿರಲಿಲ್ಲ ಎಂಬುದನ್ನು ನೆನೆದರೆ ಅದು ದೊಡ್ಡ ಬದಲಾವಣೆಯೇ. ಆದರೆ ಹಿಂದಿನ ತೀರ್ಪುಗಳನ್ನು ಉಲ್ಲೇಖಿಸಬೇಕಾದರೆ ಆ ತೀರ್ಪುಗಳ ಹಿಂದಿನ ಕಾರಣ ಗೊತ್ತಿರಬೇಕು. ಒಂದು ಸಾಲಿನ ಕಾರಣವನ್ನು ಹಿಡಿದುಕೊಂಡು ಎಷ್ಟು ದೂರ ವಾದಿಸಲಾದೀತು? ಜೊತೆಗೆ, ಮೇಲ್ಮನವಿ ಮಂಡಳಿಯಲ್ಲಿ ಮೂರನೇ ಎರಡರಷ್ಟು ಮತ ಸಿಕ್ಕರೆ ಮಾತ್ರ ಮೊದಲ ತೀರ್ಪು ಬದಲಾಗುತ್ತದೆ. 2012ರ ‘ಬುಲ್ಲಿ’ ಸಾಕ್ಷ್ಯಚಿತ್ರದ ಕತೆ ನೋಡಿ. ಶಾಲಾಮಕ್ಕಳು ಸಹಪಾಠಿಗಳಿಂದ ಪಡುವ ಹಿಂಸೆಯನ್ನು ಕುರಿತ ಚಿತ್ರ ಅದು. ಮಕ್ಕಳೇ ಆಡಿದ ಬೈಗುಳಗಳು ಅದರಲ್ಲಿವೆ ಎಂಬ ಕಾರಣಕ್ಕೆ ‘ಆರ್’ ಸಿಕ್ಕಿತು. ಮೇಲ್ಮನವಿ ಒಂದೇ ಒಂದು ಮತದಿಂದ ಬಿದ್ದುಹೋಯಿತು. ಯಾವ ಮಕ್ಕಳಿಗಾಗಿ ಆ ಚಿತ್ರ ಮಾಡಿದರೋ ಆ ಮಕ್ಕಳೇ ತಾವಾಗಿ ಹೋಗಿ ನೋಡುವಂತಿಲ್ಲದಾಯಿತು. ಕೊನೆಗೆ ಕೆಲವು ಮಾತುಗಳನ್ನು ತೆಗೆದ ಮೇಲೆ ‘ಪಿಜಿ-13’ ಬಂತು.

ಅಲ್ಲಿನ ನಿಯಮದ ಪ್ರಕಾರ ಲೈಂಗಿಕ ಮೂಲದ ಕಟುವಾದ ಬೈಗುಳವನ್ನು ಒಂದಕ್ಕಿಂತ ಹೆಚ್ಚು ಸಲ ಆಡಿದರೆ ಸಾಮಾನ್ಯವಾಗಿ ‘ಆರ್’. ಸದಸ್ಯರು ವಿಶೇಷ ಮತದಿಂದ ಇದನ್ನು ಸಡಿಲಿಸಬಹುದಾದರೂ, ಯಾವಾಗ ಸಡಿಲಿಸುತ್ತಾರೆ, ಯಾವಾಗ ಇಲ್ಲ ಎಂಬುದು ಹೊರಗಿನವರಿಗೆ ತಿಳಿಯುವಂತಿಲ್ಲ. ಇದಕ್ಕೆ ಹೋಲಿಸಿದರೆ ‘ದಿ ಕಿಂಗ್ಸ್ ಸ್ಪೀಚ್’ ಚಿತ್ರದ ವಿಷಯದಲ್ಲಿ ಬ್ರಿಟನ್ನಿನ ಮಂಡಳಿ ನಡೆದುಕೊಂಡ ರೀತಿ ನೋಡಬೇಕು. ತೊದಲುವ ಅರಸನೊಬ್ಬ ಚಿಕಿತ್ಸೆಯ ವೇಳೆ ನಾಲಗೆ ಸಡಿಲಿಸಿಕೊಳ್ಳಲು ಬೈಗುಳಗಳ ಸುರಿಮಳೆಗರೆಯುವ ದೃಶ್ಯ ಅದರಲ್ಲಿದೆ. ಬ್ರಿಟನ್ನಿನಲ್ಲೂ ಮೊದಲು ‘15’ ಎಂದೇ ತೀರ್ಪಾಯಿತು. ವಿತರಕರು ಮರುಪರಿಶೀಲನೆ ಕೇಳಿದಾಗ, ಆ ಮಾತುಗಳು ಯಾರನ್ನೂ ನಿಂದಿಸುವುದಕ್ಕಲ್ಲ, ವಾಕ್‌ಚಿಕಿತ್ಸೆಯ ಭಾಗವಾಗಿ ಬಂದಿವೆ ಎಂಬುದನ್ನು ಗಣಿಸಿ ‘12ಎ’ ಕೊಟ್ಟಿತು, ಆ ಕಾರಣವನ್ನು ಪ್ರೇಕ್ಷಕರಿಗೆ ಕಾಣುವ ಸೂಚನೆಯಲ್ಲೇ ಬರೆಯಿತು. ಅಮೆರಿಕದಲ್ಲಿ ಅದೇ ಚಿತ್ರ ‘ಆರ್’ ಆಗಿಯೇ ಉಳಿಯಿತು. 2011ರಲ್ಲಿ ಕೆಲವು ಮಾತುಗಳ ಸದ್ದಡಗಿಸಿದ ಪ್ರತಿಗೆ ‘ಪಿಜಿ-13’ ಸಿಕ್ಕಿತು. ಬ್ರಿಟನ್ನಿನ ನಿರ್ಧಾರವನ್ನು ಒಪ್ಪದ ಪೋಷಕರೂ ಇದ್ದರು. ಆದರೆ ಅವರು ಒಪ್ಪದಿದ್ದದ್ದು ತಮ್ಮೆದುರಿಗಿದ್ದ ಒಂದು ಕಾರಣವನ್ನು, ಮತ್ತು ಮುಂದಿನ ಚಿತ್ರದಲ್ಲಿ ಅಂಥದ್ದೇ ಸಂದರ್ಭ ಬಂದಾಗ ಅದೇ ಕಾರಣವನ್ನು ಮಂಡಳಿಯ ಮುಂದೆ ಇಟ್ಟು ಕೇಳಲು ನಿರ್ಮಾಪಕರಿಗೂ ದಾರಿಯಾಯಿತು.

ಉತ್ತರ: ಕಟಕಟೆ

‘ಇಬ್ಬರು ಮಕ್ಕಳ ತಾಯಿ’ ಅವರ ಮಾತನ್ನು ಒಪ್ಪುತ್ತೇನೆ. ಉದ್ದನೆಯ ಆದೇಶ ಬೇಕಾದವರಿಗೆ ಬೇರೆಯಾಗಿ ಸಿಗಲಿ, ಪೋಷಕರಿಗೆ ನಾಲ್ಕಾರು ವಾಕ್ಯಗಳು ಸಿಗಲಿ. ಎರಡೂ ಒಂದೇ ಕಡತದಿಂದ ಬರಬೇಕು, ಒಂದಕ್ಕೊಂದು ತಾಳೆಯಾಗಬೇಕು ಎಂಬುದಷ್ಟೇ ನನ್ನ ಆಗ್ರಹ.

ಮೇಲ್ಮನವಿಯ ಬಗ್ಗೆ ಇನ್ನೊಂದು ಮಾತು ಸೇರಿಸಬೇಕು. ಮೊದಲ ಹಂತದ ಸದಸ್ಯರ ಹೆಸರನ್ನು ಮುಚ್ಚಿಡುವುದಕ್ಕೆ ನಾನು ಒಪ್ಪಿದ್ದು ಅವರು ಸಾಮಾನ್ಯ ಪೋಷ‌ಕರಾದ್ದರಿಂದ. ಮೇಲ್ಮನವಿ ಮಂಡಳಿಗೆ ಆ ರಿಯಾಯಿತಿ ಸಲ್ಲುವುದಿಲ್ಲ. ಚಿತ್ರವೊಂದರ ಗಳಿಕೆಯ ಮೇಲೆ ಪರಿಣಾಮ ಬೀರುವ ತೀರ್ಪನ್ನು, ಅದೇ ವಾರ ತನ್ನದೂ ಒಂದು ಚಿತ್ರ ತೆರೆಗೆ ಬರಲಿರುವ ಸ್ಟುಡಿಯೋದ ಅಧಿಕಾರಿಯೊಬ್ಬರು ಕೊಡುತ್ತಿದ್ದರೆ, ಅದು ಆ ನಿರ್ಮಾಪಕರಿಗೆ ತಿಳಿದಿರಲೇಬೇಕು. ಭಾರತದಲ್ಲಾಗಲಿ ಬೇರೆಡೆಯಲ್ಲಾಗಲಿ ಮೇಲ್ಮನವಿಗೆ ಹೊಸ ವ್ಯವಸ್ಥೆ ರೂಪಿಸುವವರು, ಕುಳಿತವರು ಯಾರು, ಅವರಿಗೆ ಆ ಚಿತ್ರದ ಅಥವಾ ಅದರ ಪ್ರತಿಸ್ಪರ್ಧಿಯ ಜೊತೆ ಹಣದ ನಂಟಿದೆಯೇ ಎಂಬುದನ್ನು ವಿಚಾರಣೆಗೆ ಮೊದಲೇ ಬರೆದುಕೊಡುವ ನಿಯಮದಿಂದ ಆರಂಭಿಸಬಹುದು.